ಪೂಜೆಗೆ ಕೂತ ಮರಳಿನ ಬಕೆಟ್ಟು

ನಮ್ಮಪ್ಪ ಪರಮೇಶ್ವರಪ್ಪ ಚೆನ್ನೈನ ತಿರುವೊಟ್ಟಿಯೂರಿನ ದೇವಸ್ಥಾನದ ಬೀದಿಯಲ್ಲಿ ಕರ್ಪೂರ, ಊದುಬತ್ತಿ, ಸಾಂಬ್ರಾಣಿ ಮಾರುತ್ತಾರೆ. ದೇವರು ಭಕ್ತರಿಗೆ ಒಲಿದರೂ ಸರಿ, ಒಲಿಯದಿದ್ದರೂ ಸರಿ, ನಮ್ಮ ಅಂಗಡಿಗೆ ನಷ್ಟವಿಲ್ಲ. ದಾವಣಗೆರೆ ಬಿಟ್ಟು ಬಂದು ಎಷ್ಟೋ ಕಾಲವಾದರೂ ಅವರ ಬಾಯಲ್ಲಿ ತಮಿಳು ಇನ್ನೂ ಗಿರಾಕಿಯ ಹಾಗೆ ಹೊಸ್ತಿಲಲ್ಲೇ ನಿಂತಿದೆ, ಒಳಗೆ ಬಂದಿಲ್ಲ.

ಅಂಗಡಿ ಬಿಟ್ಟರೆ ಅವರಿಗಿದ್ದ ಇನ್ನೊಂದು ಹುಚ್ಚು ನಮ್ಮ ಕನ್ನಡ ಸಂಘದ ಶಾಲೆ. ಚೆನ್ನೈಗೆ ಬಂದ ಕನ್ನಡದವರ ಮಕ್ಕಳಿಗೆ ಅಂತ ಹಿಂದಿನವರು ಕಟ್ಟಿದ್ದು. ಅಪ್ಪ ಅದರ ಅಧ್ಯಕ್ಷರು. ಅಧ್ಯಕ್ಷರ ಕೆಲಸವೆಂದರೆ ಬಾವುಟ ಹಾರಿಸುವುದು, ಹಾರ ಹಾಕಿಸಿಕೊಳ್ಳುವುದು, ಆಯುಧಪೂಜೆಯ ದಿನ ಲ್ಯಾಬಿನಲ್ಲಿ ಮಂಗಳಾರತಿ ಎತ್ತುವುದು. ಲ್ಯಾಬು ಕಟ್ಟಿಸುವಾಗ ಮುಂದೆ ನಿಂತವರು ಅವರೇ ಆದ್ದರಿಂದ ಈ ಕೊನೆಯ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಾನು ಆ ಶಾಲೆಯಿಂದ ಹತ್ತನೇ ಕ್ಲಾಸಿನ ಅರ್ಧಕ್ಕೇ ಎದ್ದು ಬಂದವನು. ಯಾಕೆ ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಎಲ್ಲವೂ ನಿಜ.

ನನ್ನ ತಂಗಿ ದಾಕ್ಷಾಯಿಣಿ ಅಲ್ಲೇ ಉಳಿದಳು. ಉಳಿದಳು ಅಂದರೆ ಅಂಟಿಕೊಂಡಳು. ಪ್ಲಸ್ ಒನ್‌ಗೆ ಅಂದರೆ ಊರ ಕಡೆಯ ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳುತ್ತೇನೆ ಅಂತ ಅವಳು ಹೇಳಿದ ದಿನ ಅಪ್ಪ ಊಟದ ತಟ್ಟೆಯ ಮುಂದೆಯೇ ತೀರ್ಪು ಕೊಟ್ಟಿದ್ದರು.

"ತಗೋ. ಬ್ಯಾಡ ಅನ್ನಲ್ಲ. ಆದ್ರೆ ಆ ಆಸಿಡ್ಡು ಗೀಸಿಡ್ಡು ಬಿದ್ದು ಮೈಮ್ಯಾಲೆ ಒಂದು ಕಲೆ ಆಯ್ತೋ, ಮಾರನೇ ದಿನ ಕಾಮರ್ಸು. ಹೆಣ್ಣುಹುಡುಗಿ. ನಾಳೆ ಯಾರಾದ್ರೂ ನೋಡಾಕೆ ಬಂದ್ರೆ ಏನಂತ ಹೇಳ್ಳಿ?"

"ನೋಡಾಕೆ ಬಂದೋರು ಮುಖ ನೋಡ್ತಾರೋ, ಬದನೆಕಾಯಿ ಥರ ತಿರುವಿ ತಿರುವಿ ನೋಡ್ತಾರೋ?" ಅಂದೆ ನಾನು.

"ನೀನು ತಟ್ಟೆ ನೋಡ್ಕೊಂಡು ಉಣ್ಣಲೇ."

ನಮ್ಮಮ್ಮ ಜಯದೇವಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಬಾಯಿ ಮುಚ್ಚಿಸಿದಳು. ದಾಕ್ಷಿ ಮಾತ್ರ, "ಡೀಲ್ ಅಪ್ಪಾ," ಅಂತ ಎದ್ದು ಕೈ ತೊಳೆಯಲು ಹೋದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡವೋ ತಮಿಳೋ ಇಂಗ್ಲಿಷೋ ಯಾವುದು ಮೊದಲು ಸಿಕ್ಕರೆ ಅದರಲ್ಲಿ.

ಅದು ಎರಡು ಸಾವಿರದ ನಾಲ್ಕು. ಜುಲೈನಲ್ಲಿ ಕುಂಭಕೋಣದ ಶಾಲೆಯಲ್ಲಿ ಬೆಂಕಿ ಬಿದ್ದು ಮಕ್ಕಳು ಸತ್ತರು. ಆ ಫೋಟೋಗಳನ್ನು ಪೇಪರಿನಲ್ಲಿ ನೋಡಿದ ದಿನ ನಮ್ಮ ಬೀದಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆಮೇಲೆ ಸರ್ಕಾರದವರು ಎಲ್ಲ ಶಾಲೆಗಳಿಗೂ ತಪಾಸಣೆಗೆ ಬರುತ್ತಾರೆ ಅಂತಾಯಿತು. ನಮ್ಮ ಹೆಡ್‌ಮಾಸ್ಟರು ಭೋಜರಾಜ ಸಾರ್, ಮಂಗಳೂರಿನ ಕಡೆಯವರು, ಒಂದೇ ವಾರದಲ್ಲಿ ಲ್ಯಾಬಿಗೆ ಬೇಕಾದ್ದೆಲ್ಲ ತಂದರು. ಕೆಂಪಗೆ ಹೊಳೆಯುವ ಬೆಂಕಿ ಆರಿಸುವ ಸಿಲಿಂಡರು, ಮರಳು ತುಂಬಿದ ಕೆಂಪು ಬಕೆಟ್ಟು, ಕಣ್ಣಿಗೆ ಹಾಕುವ ಪ್ಲಾಸ್ಟಿಕ್ ಕನ್ನಡಕಗಳು, ರಬ್ಬರ್ ಗ್ಲೌಸು, ಮುಲಾಮಿನ ಡಬ್ಬ. ಎಲ್ಲವನ್ನೂ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅವರ ಸೊಂಟದಲ್ಲಿ.

ತಪಾಸಣೆಯವರು ಬಂದರು, ಗಾಜಿನಾಚೆಯಿಂದ ನೋಡಿದರು, ಟೀ ಕುಡಿದರು, ಹೋದರು. ಬೀಗ ಹಾಗೇ ಉಳಿಯಿತು.

ಆ ವರ್ಷದ ಇನ್ನೊಂದು ಸಂಗತಿ ನೀರು. ಊರಿಗೆ ಊರೇ ಲಾರಿಯ ಹಿಂದೆ ಓಡುತ್ತಿತ್ತು. ಲ್ಯಾಬಿನ ನಲ್ಲಿ ತಿರುಗಿಸಿದರೆ ಕ್ಷಯದವರ ಹಾಗೆ ಕೆಮ್ಮುತ್ತಿತ್ತು ಅಷ್ಟೆ. ಮೂಲೆಯಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಕೊಡ, ಅದರ ಮೇಲೊಂದು ಲೋಟ. ಇಡೀ ಕೆಮಿಸ್ಟ್ರಿಗೆ ಅಷ್ಟೇ ನೀರು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಗಂಧಕಾಮ್ಲದ ಬಾಟಲಿಯ ಮುಚ್ಚಳ ಬಿಗಿದುಕೊಂಡಿತ್ತಂತೆ. ದಾಕ್ಷಿ ತಿರುಚಿ ತೆಗೆಯುವಾಗ ಮಣಿಕಟ್ಟಿನ ಮೇಲೆ ಚಿಮ್ಮಿತು. ಅವಳು ಓಡಿ ಹೋಗಿ ಕೊಡ ಬಗ್ಗಿಸಿದಳು. ಕೆಮಿಸ್ಟ್ರಿಯ ವಿಷ್ಣುತೀರ್ಥ ಸಾರ್ ಹಿಂದಿನಿಂದ ಬಂದು ಕೊಡವನ್ನು ನೆಟ್ಟಗೆ ನಿಲ್ಲಿಸಿದರು.

"ಒಂದು ಲೋಟ ಸಾಕಮ್ಮಾ. ಲಾರಿ ನೀರು, ಸಾಯಂಕಾಲದ ತನಕ ಬರಬೇಕು."

ಮಣಿಕಟ್ಟಿನ ಮೇಲೆ ಹುಣಿಸೆಬೀಜದಷ್ಟು ಕಲೆ ಉಳಿಯಿತು. ಮಾರನೇ ದಿನದಿಂದ ದಾಕ್ಷಿ ಆ ಕೈಗೆ ಗಾಜಿನ ಬಳೆ ತೊಡತೊಡಗಿದಳು, ಮಣಿಕಟ್ಟು ಮುಚ್ಚುವಷ್ಟು. ಹುಡುಗಿಗೆ ಕೊನೆಗೂ ಹೆಣ್ಣುಮಕ್ಕಳ ಬುದ್ಧಿ ಬಂತು ಅಂತ ಅಮ್ಮನಿಗೆ ಸಂತೋಷವೋ ಸಂತೋಷ. ನನಗೆ ಮಾತ್ರ ದಾಕ್ಷಿ ಮಹಡಿಯ ಮೇಲೆ ಬಳೆ ಸರಿಸಿ ತೋರಿಸಿದಳು.

"ಅಪ್ಪಾಗೆ ತೆರಿಂಜಾ ಕಾಮರ್ಸ್ ದಾನ್," ಅಂದಳು. ಅಪ್ಪನಿಗೆ ಗೊತ್ತಾದರೆ ಕಾಮರ್ಸೇ ಗತಿ.

ನಾನು ಮಾರನೇ ದಿನವೇ ಶಾಲೆಗೆ ಹೋದೆ. ವಿಷ್ಣುತೀರ್ಥ ಸಾರ್ ಬೋರ್ಡು ಒರೆಸುತ್ತಿದ್ದರು.

"ಸಾರ್, ಕನ್ನಡಕ, ಗ್ಲೌಸೆಲ್ಲ ಬೀಗ ಹಾಕಿ ಇಟ್ಟಿದೀರಂತೆ. ಆ ಬೀರು ಮೇಲೆ ದಿನಾ ಆಸಿಡ್ ಬೀಳುತ್ತಾ?"

ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಅಂಗಿಯಲ್ಲಿ ಕರ್ಪೂರದ ವಾಸನೆ ಬರುತ್ತಿದ್ದಿರಬೇಕು.

"ಶಿವರಂಜನ್, ನೀನು ಯಾವ ಕ್ಲಾಸು ಪಾಸಾಗಿದೀಯಪ್ಪ, ಸೇಫ್ಟಿ ಪಾಠ ಹೇಳೋಕ್ಕೆ?"

"ಆಸಿಡ್ಡು ಮಾರ್ಕ್ಸ್‌ಕಾರ್ಡ್ ನೋಡಿ ಸುಡುತ್ತಾ ಸಾರ್?"

"ಸರಿ ಹಾಗಾದ್ರೆ. ನಿಮ್ಮ ತಂದೆಯವರ ಹತ್ರಾನೇ ಮಾತಾಡೋಣ. ನಿಮ್ಮ ಹುಡುಗಿ ಕೈ ಸುಟ್ಕೊಂಡ್ಲು, ಏನು ಮಾಡೋದು ಅಂತ."

ಮನುಷ್ಯನಿಗೆ ಎಲ್ಲಿ ಒತ್ತಬೇಕೆಂದು ಗೊತ್ತಿತ್ತು. ಅವರು ಮತ್ತೆ ಬೋರ್ಡು ಒರೆಸತೊಡಗಿದರು. ನಾನು ಮೊಪೆಡ್ಡಿಗೆ ಒದ್ದು ಸ್ಟಾರ್ಟ್ ಮಾಡಿದೆ. ಅದಕ್ಕೆ ಒದೆ ಬೇಕಿರಲಿಲ್ಲ, ಆದರೂ ಒದ್ದೆ.

ನವರಾತ್ರಿ ಬಂತು. ರಜೆಯ ಹಿಂದಿನ ದಿನ ಶಾಲೆಯಲ್ಲಿ ಪೂಜೆ. ಬಾಳೆಕಂದು, ಬೂದುಗುಂಬಳ, ಊದುಬತ್ತಿ, ನಮ್ಮ ಅಂಗಡಿಯ ಒಂದು ಡಬ್ಬ ಕರ್ಪೂರ, ಎಲ್ಲ ಹೇರಿಕೊಂಡು ಬೆಳಿಗ್ಗೆಯೇ ಹೋದೆ. ಲ್ಯಾಬಿಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ.

ಗಾಜಿನ ಬೀರುವಿನ ಬೀಗ ತೆಗೆದಿತ್ತು.

ಪಾಠದ ಮೇಜಿನ ಮೇಲೆ ಮೆಟ್ಟಿಲು ಮಾಡಿ, ಬಿಳಿ ಬಟ್ಟೆ ಹಾಸಿ, ತುದಿಯಲ್ಲಿ ಸರಸ್ವತಿಯ ಫೋಟೋ ಇಟ್ಟಿದ್ದರು. ಅದರ ಎಡಕ್ಕೆ ಬೆಂಕಿ ಸಿಲಿಂಡರು. ಹೊಟ್ಟೆಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಕತ್ತಿಗೆ ಮಲ್ಲಿಗೆ ಹಾರ ಸುತ್ತಿ ಸುತ್ತಿ ಕಟ್ಟಿದ್ದರು. ನಮ್ಮ ದೊಡ್ಡಪ್ಪನನ್ನು ಮದುವೆಯಲ್ಲಿ ಕೂರಿಸಿದ ಹಾಗಿತ್ತು. ಬಲಕ್ಕೆ ಬಯಾಲಜಿಯ ಅಸ್ಥಿಪಂಜರ, ಅದರ ಹಣೆಗೂ ಕುಂಕುಮ. ಕೆಳಗಿನ ಮೆಟ್ಟಿಲಲ್ಲಿ ಕನ್ನಡಕಗಳ ಸಾಲು, ಗ್ಲೌಸು, ಮುಲಾಮಿನ ಡಬ್ಬ, ಅದರ ಕೆಳಗೆ ಬಾಟಲಿಗಳ ಸಂತೆ. ಬೆಂಕಿಗೆ ಅಂತ ತಂದ ಮರಳಿನ ಬಕೆಟ್ಟನ್ನು ಮೇಜಿನ ಮುಂದೆ ಇಟ್ಟು ಅದರಲ್ಲಿ ಊದುಬತ್ತಿ ನೆಟ್ಟಿದ್ದರು. ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಹಿತ್ತಾಳೆ ಕಲಶ ಯಾರೋ ಮನೆಗೆ ಒಯ್ದಿದ್ದರಂತೆ, ಅದಕ್ಕೇ ಮೂಲೆಯ ಹಸಿರು ಕೊಡಕ್ಕೇ ಮಾವಿನೆಲೆ ಸಿಕ್ಕಿಸಿ, ಬಾಯಿಗೆ ತೆಂಗಿನಕಾಯಿ ಕೂರಿಸಿ ಕಲಶ ಮಾಡಿದ್ದರು. ಲಾರಿ ನೀರಿಗೆ ಗಂಗೆ ಕಾವೇರಿಯರು ಬಂದು ಸೇರಿದ್ದರು.

ಬಾಟಲಿಗಳೆಲ್ಲ ಮಿಂದು ಬಂದವರ ಹಾಗೆ ಹೊಳೆಯುತ್ತಿದ್ದವು. ಹಿಂದಿನ ದಿನವೇ ಮಕ್ಕಳ ಕೈಯಲ್ಲಿ ತೊಳೆಸಿದ್ದರು. ತೊಳೆದ ಮೇಲೆ ಲೇಬಲ್ ಉಳಿಯುತ್ತದೆಯೇ? ದಾಕ್ಷಿ ಮೈದಾ ಗೋಂದು ಕಲಸಿ, ಹಳದಿ ಚೀಟಿಯಲ್ಲಿ ಹೆಸರು ಬರೆದು, ಒಂದೊಂದಕ್ಕೂ ಅಂಟಿಸುತ್ತಾ ಬರುತ್ತಿದ್ದಳು. ಭೋಜರಾಜ ಸಾರ್ ಗಂಧದ ಬಟ್ಟಲು ಹಿಡಿದು ಅವಳ ಹಿಂದೆಯೇ ಬಂದು, ಚೀಟಿ ಕಿತ್ತು, ಅದೇ ಜಾಗಕ್ಕೆ ಗಂಧ ಹಚ್ಚಿ ಕುಂಕುಮ ಇಡುತ್ತಾ ಬರುತ್ತಿದ್ದರು.

"ಸಾರ್, ಲೇಬಲ್ ಕಿತ್ತರೆ ಯಾವ್ದು ಯಾವ್ದು ಅಂತ ಎಪ್ಪಡಿ ಗೊತ್ತಾಗುತ್ತೆ ಸಾರ್?"

"ಮುಖದ ಮೇಲೆ ಚೀಟಿ ಇದ್ರೆ ಕುಂಕುಮ ಎಲ್ಲಿ ಇಡುವುದು ಮಾರಾಯ್ತಿ? ನಾಡಿದ್ದು ಬಂದು ಪುನಃ ಅಂಟಿಸುವ."

"ಅಷ್ಟರೊಳಗೆ ಯಾರಾದ್ರೂ ತೆಗೆದ್ರೆ?"

ವಿಷ್ಣುತೀರ್ಥ ಸಾರ್ ದೂರದಿಂದ ನಕ್ಕರು. "ಪೂಜೆಗಿಟ್ಟಿದ್ದನ್ನ ಯಾರು ಮುಟ್ತಾರಮ್ಮಾ? ಇನ್ನು ದೇವಿಗೆ ಲೇಬಲ್ ಬೇಕಾ? ಅವಳಿಗೆ ಎಲ್ಲಾ ಗೊತ್ತಿರುತ್ತೆ."

"ಅವಳಿಗೆ ಗೊತ್ತು ಸಾರ್. ನಮಗೆ?"

ಅವರು ಹೇಳಿದ್ದರಲ್ಲಿ ಒಂದು ಮಾತು ನಿಜ. ಆಯುಧಪೂಜೆಗೆ ಇಟ್ಟದ್ದನ್ನು ಮರುಪೂಜೆ ಆಗುವ ತನಕ ಯಾರೂ ಕದಲಿಸುವುದಿಲ್ಲ. ಬಡಗಿ ಉಳಿ ಮುಟ್ಟುವುದಿಲ್ಲ, ದರ್ಜಿ ಕತ್ತರಿ ಮುಟ್ಟುವುದಿಲ್ಲ, ಮಕ್ಕಳಂತೂ ಪುಸ್ತಕ ಮುಟ್ಟದಿರಲು ವರ್ಷವಿಡೀ ಈ ದಿನಕ್ಕೇ ಕಾಯುತ್ತಾರೆ. ಹಾಗಾಗಿ ಆ ದಿನ ಆ ಲ್ಯಾಬಿನಲ್ಲಿ ಕಣ್ಣು ಕಾಯುವ ಕನ್ನಡಕ, ಕೈ ಕಾಯುವ ಗ್ಲೌಸು, ಬೆಂಕಿ ಆರಿಸುವ ಸಿಲಿಂಡರು, ಮರಳು, ನೀರು ಎಲ್ಲವೂ ದೇವರಾಗಿ ಕೂತಿದ್ದವು. ಕೆಲಸಕ್ಕೆ ಅಂತ ಒಂದೂ ಉಳಿದಿರಲಿಲ್ಲ.

"ಅಲ್ಲ ಸಾರ್," ಅಂದೆ ಭೋಜರಾಜರಿಗೆ, "ಇಷ್ಟು ದಿನ ಬೀರುವಿನೊಳಗೆ ಬೀಗ, ಈಗ ದೇವರ ಬೀಗ. ಆ ಸಿಲಿಂಡರಿನ ಹಣೆಬರಹದಲ್ಲಿ ಒಂದು ದಿನವಾದ್ರೂ ಕೆಲಸ ಬರ್ದಿದೆಯಾ?"

"ನೀನು ಕರ್ಪೂರ ತಂದಿದ್ದೀಯಲ್ಲ, ಇಟ್ಟು ಹೋಗು. ಅಧ್ಯಕ್ಷರ ಮಗ ಅಂತ ಸುಮ್ಮನಿದ್ದೇನೆ."

ನಾನು ಹೋಗಲಿಲ್ಲ. ದಾಕ್ಷಿ ನನ್ನ ಪಕ್ಕ ಬಂದು ಪಿಸುಗುಟ್ಟಿದಳು.

"ಅಣ್ಣಾ, ಸ್ಪಿರಿಟ್ ಲ್ಯಾಂಪೆಲ್ಲಾ ಖಾಲಿ ಮಾಡಿ ತೊಳೆದಿದಾರೆ. ಆ ಸ್ಪಿರಿಟ್ಟೆಲ್ಲಾ ಒಂದು ಬೀಕರ್‌ಗೆ ಸುರಿದ್ರು. ನಾನು ಚೀಟಿ ಹಾಕಿದ್ದೆ. ಈಗ ಅದು ಯಾವ್ದು ಅಂತ ತೆರಿಯಲೆ, ಗೊತ್ತಾಗ್ತಿಲ್ಲ."

"ಮೂಸಿ ನೋಡು."

"ಈ ಹೊಗೆಯಲ್ಲಾ? ನೀನೇ ಮೂಸು."

ಮೂಸಿದೆ. ಸಾಂಬ್ರಾಣಿ, ಊದುಬತ್ತಿ, ಮಲ್ಲಿಗೆ, ಗಂಧ. ನಮ್ಮ ಅಂಗಡಿಯೇ ಮೂಗಿನೊಳಗೆ ಬಂದು ಕೂತಿತ್ತು. ಅಷ್ಟರಲ್ಲಿ ಹೊರಗೆ ನಾದಸ್ವರದ ಕ್ಯಾಸೆಟ್ ಹಾಕಿದರು. ಅಧ್ಯಕ್ಷರು ಬಂದರು.

ಅಪ್ಪ ಆ ದಿನ ರೇಷ್ಮೆ ಪಂಚೆ, ಜರಿಯ ಶಲ್ಯ. ಮಕ್ಕಳು ಗೋಡೆಗೆ ಒತ್ತಿ ನಿಂತರು. ಅಪ್ಪ ತಟ್ಟೆಯ ಮೇಲೆ ಕರ್ಪೂರ ಸುರಿದರು. ಬೇರೆಯವರು ಒಂದು ಬಿಲ್ಲೆ ಹಚ್ಚುತ್ತಾರೆ. ನಮ್ಮಪ್ಪ ಗುಡ್ಡೆ ಹಚ್ಚುತ್ತಾರೆ, ಅದು ವ್ಯಾಪಾರದ ಮರ್ಯಾದೆ. ಜ್ವಾಲೆ ಅಸ್ಥಿಪಂಜರದ ಗಲ್ಲದ ತನಕ ಎದ್ದಿತು. ಸರಸ್ವತಿಗೆ ಎತ್ತಿದರು, ಸಿಲಿಂಡರಿಗೆ ಎತ್ತಿದರು, ಬಾಟಲಿಗಳ ಮುಂದೆ ಎಡಕ್ಕೂ ಬಲಕ್ಕೂ ಆಡಿಸಿದರು. ದಾಕ್ಷಿ ನನ್ನ ತೋಳು ಹಿಡಿದು ಉಗುರು ಊರಿದ್ದಳು.

ಆರತಿ ಮುಗಿಯಿತು. ತಟ್ಟೆಯನ್ನು ಮೇಜಿನ ಮೇಲಿಟ್ಟು ಅಪ್ಪ ಹಿಂದಕ್ಕೆ ಕೈ ಚಾಚಿದರು.

"ನೀರು."

ಆರತಿಯ ಸುತ್ತ ನೀರು ಬಿಡಬೇಕು. ಅಂಗೈಗೆ ಒಂದಿಷ್ಟು ಸುರಿದುಕೊಂಡು, ತಟ್ಟೆಯ ಸುತ್ತ ಸುತ್ತಿಸಿ, ಬಿಡುವುದು. ಮನೆಯಲ್ಲಿ ದಿನಾ ಮಾಡುವುದೇ. ಕೊಡದ ಬಾಯಿಗೆ ತೆಂಗಿನಕಾಯಿ ಕೂತಿತ್ತು, ಅದನ್ನು ಕದಲಿಸುವಂತಿಲ್ಲ. ವಿಷ್ಣುತೀರ್ಥ ಸಾರ್ ಪಕ್ಕದಲ್ಲೇ ಇದ್ದ ಒಂದು ಬೀಕರ್ ಎತ್ತಿ ಕೊಟ್ಟರು. ತಿಳಿಯಾಗಿತ್ತು. ಕುಂಕುಮ ಇಟ್ಟುಕೊಂಡು ಲಕ್ಷಣವಾಗಿತ್ತು.

"ಅಪ್ಪಾ, ಅದು ಬೇಡ," ಅಂದಳು ದಾಕ್ಷಿ.

ಕ್ಯಾಸೆಟ್ಟಿನ ನಾದಸ್ವರದಲ್ಲಿ ಅದು ಕೇಳಿಸಲಿಲ್ಲ. ಅಪ್ಪ ಅಂಗೈಗೆ ಸುರಿದುಕೊಂಡು ಜ್ವಾಲೆಯ ಸುತ್ತ ಕೈ ಸುತ್ತಿಸಿದರು.

ಬೆಂಕಿ ತಟ್ಟೆಯಿಂದ ಹನಿಗೆ, ಹನಿಯಿಂದ ಅಂಗೈಗೆ ಬಂತು. ಅಪ್ಪ ಕೈ ಕೊಡವಿದರು. ಇನ್ನೊಂದು ಕೈಯ ಬೀಕರ್ ಮಗುಚಿ ಬಿಳಿ ಬಟ್ಟೆಯ ಮೇಲೆ ಬಿತ್ತು. ಸ್ಪಿರಿಟ್ಟಿನ ಬೆಂಕಿ ಹಗಲಲ್ಲಿ ಕಾಣುವುದಿಲ್ಲ. ಬಿಳಿ ಬಟ್ಟೆ ತನ್ನಷ್ಟಕ್ಕೆ ಕಪ್ಪಾಗುತ್ತಾ ಮೆಟ್ಟಿಲು ಹತ್ತತೊಡಗಿದ್ದು ಮಾತ್ರ ಕಂಡಿತು. ಅಪ್ಪನ ಶಲ್ಯದ ಜರಿ ಮುದುರಿಕೊಳ್ಳುತ್ತಿತ್ತು.

ದಾಕ್ಷಿ ಒಂದೇ ನೆಗೆತಕ್ಕೆ ಹೋಗಿ ಆ ಶಲ್ಯ ಎಳೆದು ನೆಲಕ್ಕೆ ಹಾಕಿ ತುಳಿದಳು. ಯಾವನೋ ಹುಡುಗ ಸಿಲಿಂಡರಿಗೆ ಕೈ ಹಾಕಿದ. ಭೋಜರಾಜ ಸಾರ್ ಬಾಯಿಂದ ಅಭ್ಯಾಸಬಲದಿಂದಲೇ ಬಂದುಬಿಟ್ಟಿತು.

"ಪೂಜೆಯದ್ದು, ಪೂಜೆಯದ್ದು. ಮುಟ್ಟಬೇಡ."

ಹುಡುಗ ಕೈ ಹಿಂತೆಗೆದುಕೊಂಡ. ಅವನ ಮುಖದಲ್ಲಿ ಅಪರಾಧಿಯ ಭಾವ. ಮೇಜು ಉರಿಯುತ್ತಿದೆ, ಇವನಿಗೆ ಮೈಲಿಗೆಯ ಚಿಂತೆ ಹತ್ತಿಸಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು, ಬೆಂಕಿಯಿಂದಲ್ಲ.

ನಾನೇ ನುಗ್ಗಿ ಸಿಲಿಂಡರು ಎತ್ತಿದೆ. ಅದರ ಪಿನ್ನು ಎಲ್ಲಿದೆ? ಮಲ್ಲಿಗೆಯ ಕೆಳಗೆ. ಹಾರ ಬಾಳೆನಾರಿನದು, ಹಿಡಿಕೆಗೂ ಪಿನ್ನಿಗೂ ಸೇರಿಸಿ ಗಂಟು ಬಿಗಿದಿದ್ದರು. ಎಳೆದರೆ ಹೂವು ಉದುರಿತು, ಗಂಟು ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿದೆ. ಬಾಯಿ ತುಂಬ ಮಲ್ಲಿಗೆ, ವಿಭೂತಿ. ಅದನ್ನು ಬಿಸಾಕಿ ಹಸಿರು ಕೊಡಕ್ಕೆ ಕೈ ಹಾಕಿ ಮೇಲೆತ್ತಿದೆ.

ದಾಕ್ಷಿ ಎದುರಿಗೆ ಬಂದು ಕೊಡವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು.

"ತಣ್ಣಿ ವೇಂಡಾಂ ಅಣ್ಣಾ. ಆ ಮೆಟ್ಟಿಲಲ್ಲಿ ಸೋಡಿಯಂ ಇದೆ, ನೀರು ಬಿದ್ರೆ ಸಿಡಿಯುತ್ತೆ. ಮಣಲ್ ತಗೋ, ಮರಳು, ಸೀಕ್ರಂ."

ಇನ್ನೊಂದು ಕ್ಷಣವಾಗಿದ್ದರೆ ನಾನೇ ಇಡೀ ಲ್ಯಾಬನ್ನು ಆಕಾಶಕ್ಕೆ ಕಳಿಸುತ್ತಿದ್ದೆ. ಬಕೆಟ್ಟು ಎತ್ತಿದೆ. ಊದುಬತ್ತಿಗಳು ಇನ್ನೂ ಉರಿಯುತ್ತಲೇ ಇದ್ದವು. ಊದುಬತ್ತಿ ಸಮೇತ ಮರಳನ್ನೆಲ್ಲ ಮೇಜಿನ ಮೇಲೆ ಕವುಚಿದೆ. ಕನ್ನಡಕಗಳ ಮೇಲೆ, ಬಾಟಲಿಗಳ ಮೇಲೆ, ಕರ್ಪೂರದ ತಟ್ಟೆಯ ಮೇಲೆ ಮರಳು. ಸರಸ್ವತಿಯ ವೀಣೆಯ ಮೇಲೂ ಒಂದು ಹಿಡಿ. ಕಪ್ಪಾಗುತ್ತಿದ್ದ ಬಟ್ಟೆ ನಿಂತಿತು. ದಾಕ್ಷಿ ಇನ್ನುಳಿದ ಅಂಚನ್ನು ಚಪ್ಪಲಿಯಿಂದ ಬಡಿದು ಆರಿಸಿದಳು. ದೇವರ ಮೇಜನ್ನು ಚಪ್ಪಲಿಯಿಂದ ಬಡಿದದ್ದನ್ನು ಇಡೀ ಶಾಲೆ ನೋಡಿತು.

ಅಪ್ಪ ಅಂಗೈ ಮೇಲೆ ಮಾಡಿ ಹಿಡಿದು ನಿಂತಿದ್ದರು, ಯಾರಾದರೂ ಪ್ರಸಾದ ಹಾಕಲಿ ಅನ್ನುವ ಹಾಗೆ. ಅಂಗೈ ಕೆಂಪಾಗಿ ಉಬ್ಬುತ್ತಿತ್ತು.

"ಏನಿಲ್ಲ, ಏನಿಲ್ಲ," ಅನ್ನುತ್ತಿದ್ದರು. "ಒಂಚೂರು ವಿಭೂತಿ ಹಚ್ಚಿದ್ರೆ ಹೋಗ್ತೈತೆ."

"ವಿಭೂತಿ ಬೇಡ. ಇಲ್ಲಿ ಕೂತ್ಕೋ ಅಪ್ಪಾ," ಅಂದಳು ದಾಕ್ಷಿ. ಅಪ್ಪನನ್ನು ಸ್ಟೂಲಿನ ಮೇಲೆ ಒತ್ತಿ ಕೂರಿಸಿದಳು. ನನ್ನ ಕೈಯಲ್ಲಿದ್ದ ಖಾಲಿ ಬಕೆಟ್ಟು ಕಿತ್ತು ಅವರ ಕೈ ಕೆಳಗಿಟ್ಟಳು. ಕೊಡದ ಬಾಯಿಂದ ತೆಂಗಿನಕಾಯಿ ತೆಗೆದು ಬಿಸಾಕಿದಳು, ಅದು ಉರುಳುತ್ತಾ ಬೆಂಚಿನ ಕೆಳಗೆ ಹೋಯಿತು.

"ಕಲಶ," ಅಂದರು ಅಪ್ಪ, ನೋವಿನಲ್ಲೂ.

"ಗೊತ್ತು," ಅಂದಳು ಅವಳು, ಮತ್ತು ಲೋಟದಲ್ಲಿ ನೀರು ತೋಡಿ ಅಂಗೈ ಮೇಲೆ ಸುರಿಯತೊಡಗಿದಳು.

ಒಂದು ಲೋಟ. ಇನ್ನೊಂದು. ಅವಳು ಎಡಗೈಯಲ್ಲಿ ಅಪ್ಪನ ಮುಂಗೈ ಹಿಡಿದುಕೊಂಡಳು. ಅವಳ ಬಳೆಗಳು ಸರಿದು ಬಂದು ಸುಟ್ಟ ಚರ್ಮಕ್ಕೆ ತಾಗಿದವು. ಅಪ್ಪ ಹಲ್ಲು ಕಚ್ಚಿದರು. ಅವಳು ಬಳೆ ಹಿಂದಕ್ಕೆ ತಳ್ಳಿದಳು, ಅವು ಮತ್ತೆ ಜಾರಿ ಬಂದವು.

ದಾಕ್ಷಿ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಬೇಡ ಅಂತ ತಲೆಯಾಡಿಸಿದೆ. ಅವಳು ಲೋಟ ಕೆಳಗಿಟ್ಟು, ಬಳೆಗಳನ್ನೆಲ್ಲ ಕಳಚಿ ನನ್ನ ಕೈಗೆ ಕೊಟ್ಟು, ಮತ್ತೆ ಅಪ್ಪನ ಮುಂಗೈ ಹಿಡಿದು ನೀರು ಸುರಿಯತೊಡಗಿದಳು.

ಅವಳ ಮಣಿಕಟ್ಟು ಅಪ್ಪನ ಕಣ್ಣ ಕೆಳಗೇ ಇತ್ತು. ಅವರು ನೋಡಿದರು.

"ಇದೇನು?"

"ಕಲೆ."

"ಯಾವಾಗ ಆತು?"

"ಆಗಸ್ಟಲ್ಲಿ. ಆಸಿಡ್ಡು."

ಅಪ್ಪ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ನೀರು ನಿಂತು ಉರಿ ಎದ್ದಿತು, ಬಾಯಿ ಮುಚ್ಚಿತು. ಅವಳು ಮತ್ತೆ ಸುರಿದಳು. ಉರಿ ಇಳಿಯಿತು. ನೀರು ಬೀಳುತ್ತಿದ್ದಾಗ ಮಾತ್ರ ಮಾತಾಡಬಹುದು ಅಂತ ಅವರಿಗೆ ಅರ್ಥವಾದ ಹಾಗಿತ್ತು.

"ಹಿಂಗೇ ಉರೀತಾ?"

"ಇದಕ್ಕಿಂತ ಜಾಸ್ತಿ ಅಪ್ಪಾ."

"ಹಿಂಗೇ ನೀರು ಹಾಕ್ಕೊಂಡ್ಯಾ?"

ದಾಕ್ಷಿ ಇನ್ನೊಂದು ಲೋಟ ತೋಡಿದಳು. ಉತ್ತರ ನಾನು ಕೊಟ್ಟೆ.

"ಒಂದು ಲೋಟ. ಲಾರಿ ನೀರು, ಸಾಯಂಕಾಲದ ತನಕ ಬರಬೇಕು ಅಂದ್ರಂತೆ."

"ಯಾರು?"

ಯಾರೂ ಬೆರಳು ತೋರಿಸಲಿಲ್ಲ. ವಿಷ್ಣುತೀರ್ಥ ಸಾರ್ ಕೈಯಲ್ಲಿ ಆರತಿಗೆ ಬಾರಿಸಿದ್ದ ಗಂಟೆ ಇನ್ನೂ ಇತ್ತು, ಅದು ತಾನಾಗಿ ಒಮ್ಮೆ ಕಿಣಿ ಅಂದಿತು.

"ಸಾರ್, ಆವತ್ತು ಲಾರಿ ಬಂದಿರ್ಲಿಲ್ಲ. ಇಪ್ಪತ್ತು ಮಕ್ಕಳ ಪ್ರಾಕ್ಟಿಕಲ್ಸ್ ಇತ್ತು ಸಾರ್..."

"ಮೇಷ್ಟ್ರೇ," ಅಂದರು ಅಪ್ಪ. ದನಿ ಏರಿಸಲಿಲ್ಲ. "ಇವತ್ತು ನನ್ನ ಕೈಗೆ ಎಷ್ಟು ಲೋಟ ಸಾಕು, ಹೇಳ್ರಿ. ಅಷ್ಟಕ್ಕೇ ನಿಲ್ಲಿಸ್ತಾಳೆ."

ವಿಷ್ಣುತೀರ್ಥ ಸಾರ್ ಗಂಟೆಯನ್ನು ಮೇಜಿನ ಮೇಲೆ ಮರಳಲ್ಲಿ ಇಟ್ಟರು.

"ಕೊಡ ಮುಗಿದ್ರೆ ಸ್ಟಾಫ್ ರೂಮಿನ ಕೊಡ ತರಿಸುವ ಸಾರ್," ಅಂದರು ಭೋಜರಾಜ. "ಕಾರ್ಯಕ್ರಮ ಮಾತ್ರ ಸ್ವಲ್ಪ... ಮಕ್ಕಳು ಪುರಿ ಕಡಲೆಗೆ ಕಾಯ್ತಾ ಇದ್ದಾರೆ. ಮತ್ತೆ ಈ ವಿಷಯ ಹೊರಗೆ ಹೋಗದ ಹಾಗೆ..."

"ತರಿಸ್ರಿ. ಪುರಿ ಆಮೇಲೆ."

ಸ್ಟಾಫ್ ರೂಮಿನ ಕೊಡವೂ ಖಾಲಿಯಾಯಿತು. ಆಮೇಲೆ ಅಡುಗೆಕೋಣೆಯದು. ದಾಕ್ಷಿ ನಿಲ್ಲಿಸಲಿಲ್ಲ. ಅವಳಿಗೆ ಆಗಸ್ಟಿನಲ್ಲಿ ಸಿಗದ ನೀರನ್ನೆಲ್ಲ ಅಪ್ಪನ ಕೈಮೇಲೆ ಸುರಿಯುತ್ತಿದ್ದಾಳೆ ಅನಿಸಿತು. ಆಮೇಲೆ ನಾನೂ ಅವಳೂ ಅವರನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು, ನೀರು ಹಾಕಿದವರು ಯಾರು, ಚೆನ್ನಾಗಿ ಮಾಡಿದ್ದಾರೆ, ಅಂದರು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು.

ವಿಜಯದಶಮಿ ಕಳೆಯಿತು. ಮನೆಯಲ್ಲಿ ಅಮ್ಮ ಅಪ್ಪನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ದಾಕ್ಷಿ ಬಳೆ ಹಾಕಿಕೊಳ್ಳಲೇ ಇಲ್ಲ, ಬರಿಗೈಯಲ್ಲೇ ಎದುರಿಗೆ ಓಡಾಡಿದಳು. ಶಾಲೆ ತೆರೆಯುವ ಹಿಂದಿನ ಸಂಜೆ ಅಪ್ಪ ಊಟಕ್ಕೆ ಕೂತು ಗಂಟಲು ಸರಿಮಾಡಿಕೊಂಡರು.

"ಮಾತು ಅಂದ್ರೆ ಮಾತು. ಕಲೆ ಬಿದ್ರೆ ಕಾಮರ್ಸು ಅಂದಿದ್ದೆ."

ದಾಕ್ಷಿ ತುತ್ತು ಕೆಳಗಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಹಂಗಾದ್ರೆ ನೀವೂ ಅಧ್ಯಕ್ಷಗಿರಿ ಬಿಟ್ಟು ಕಾಮರ್ಸಿಗೆ ಸೇರ್ರಿ. ನಿಮಗೂ ಬಿದ್ದೈತೆ. ಅವಳದ್ದು ಹುಣಿಸೆಬೀಜ, ನಿಮ್ಮದು ಹುಣಿಸೆಹಣ್ಣು."

"ನನ್ನನ್ನ ಯಾರು ನೋಡಾಕೆ ಬರ್ತಾರಲೇ?"

"ನಾನು ಇದೀನಲ್ಲ, ದಿನಾ ನೋಡ್ತಾ," ಅಂದಳು ಅಮ್ಮ, ಅವರ ಬಾಯಿಗೆ ತುತ್ತಿಡುತ್ತಾ. "ಕಲೆ ಅಂತ ನಾನೇನು ವಾಪಸ್ ಕಳಿಸಿದೀನಾ?"

ತುತ್ತು ಬಾಯಲ್ಲಿದ್ದುದರಿಂದ ಅಪ್ಪ ಬಹಳ ಹೊತ್ತು ಅಗಿದರು. ಅಷ್ಟು ಅಗಿಯುವಂಥದ್ದೇನೂ ಅದರಲ್ಲಿರಲಿಲ್ಲ.

"ನೀರಿಲ್ಲದ ಕಡೆ ನನ್ನ ಮಗಳು ಆಸಿಡ್ ಮುಟ್ಟಂಗಿಲ್ಲ," ಅಂದರು ಕೊನೆಗೆ. "ಅಲ್ಲಿ ಒಂದು ದೊಡ್ಡ ಡ್ರಮ್ಮು ಬರಬೇಕು. ಕೈಗೆ ಅಂತಲೇ ನೀರು. ಆ ಬೀರುವಿನ ಬೀಗ ಮುರೀಬೇಕು. ಅಲ್ಲೀತನಕ ಲ್ಯಾಬಿಗೆ ಹೋಗ್ಬ್ಯಾಡ."

"ಅವ್ರು ಮಾಡ್ಲಿಲ್ಲಾಂದ್ರೆ?" ಅಂದಳು ದಾಕ್ಷಿ.

"ಅಧ್ಯಕ್ಷ ಯಾರು?"

"ಅಪ್ಪಾ, ಅಂದ್ರೆ ಸೈನ್ಸಾ?"

"ಉಣ್ಣು. ಆರಿ ಹೋಗ್ತೈತೆ."

ಡ್ರಮ್ಮು ಬಂತು. ಮೀನ್‌ಪಾಡಿ ವಂಡಿ ಅಂತ ಇಲ್ಲಿ ಕರೆಯುವ ಮೂರು ಚಕ್ರದ ಗಾಡಿಯಲ್ಲಿ, ಕಾಸಿಮೇಡಿನ ಮೀನು ಬಂದರಿನಿಂದ, ನಾನೇ ತಂದದ್ದು. ಮೊದಲ ವಾರ ಲ್ಯಾಬಿಗೆ ಲ್ಯಾಬೇ ಮೀನಿನ ವಾಸನೆ ಹೊಡೆಯಿತು. ವಿಷ್ಣುತೀರ್ಥ ಸಾರ್ ಅಪ್ಪಟ ಸಸ್ಯಾಹಾರಿ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಪಾಠ ಮಾಡಿದರು. ತೊಳೆದು ತರಬಹುದಿತ್ತು. ಲಾರಿ ನೀರು, ಯಾಕೆ ದಂಡ ಅಂತ ಬಿಟ್ಟೆ.

ಮುಂದಿನ ವರ್ಷ ಆಯುಧಪೂಜೆಗೆ ದಾಕ್ಷಿ ಪ್ಲಸ್ ಟೂ. ಭೋಜರಾಜ ಸಾರ್ ಹಳೇ ಉತ್ಸಾಹದಲ್ಲಿ ಸಿಲಿಂಡರಿಗೆ ಹಾರ ಹಾಕಿ ಮೇಜಿನ ಮೇಲೆ ಕೂರಿಸಿದ್ದರು. ಅಪ್ಪ ಬಾಗಿಲಲ್ಲೇ ನಿಂತು ನೋಡಿದರು.

"ಹಾರ ಬಿಚ್ರಿ. ಗೋಡೆಗೆ ನೇತು ಹಾಕ್ರಿ."

"ಎಂಥದು ಸಾರ್, ಪೂಜೆಗೆ..."

"ಅದು ಡ್ಯೂಟಿ ಮ್ಯಾಲೈತೆ. ಪೂಜೆಗೆ ಬರಾದಿಲ್ಲ."

ಮರಳಿನ ಬಕೆಟ್ಟೂ ಬರಲಿಲ್ಲ, ಕನ್ನಡಕವೂ ಬರಲಿಲ್ಲ, ನೀರಿನ ಡ್ರಮ್ಮೂ ಬರಲಿಲ್ಲ. ಬಾಟಲಿಗಳು ತಮ್ಮ ತಮ್ಮ ಹೆಸರು ಹೊತ್ತು ಕಪಾಟಿನಲ್ಲೇ ಉಳಿದವು. ದೇವಿಯ ಮುಂದೆ ಉಳಿದದ್ದು ನಾಲ್ಕು ಪುಸ್ತಕ, ಒಂದು ತಕ್ಕಡಿ, ಮತ್ತು ಅಸ್ಥಿಪಂಜರ. ಕರ್ಪೂರ ಲ್ಯಾಬಿನೊಳಗೆ ಹಚ್ಚುವಂತಿಲ್ಲ ಅಂತ ದಾಕ್ಷಿಯ ಹಟ. ಹೊರಗೆ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಅಸ್ಥಿಪಂಜರವನ್ನೂ ದೇವಿಯನ್ನೂ ಹೊತ್ತು ತಂದು ನಿಲ್ಲಿಸಿದೆವು. ಅಪ್ಪ ತಟ್ಟೆಯ ಮೇಲೆ ಗುಡ್ಡೆ ಸುರಿದರು. ಅದನ್ನು ಮಾತ್ರ ಬಿಡಲಾರರು.

ಕಡ್ಡಿ ಗೀರುವ ಮೊದಲು ದಾಕ್ಷಿ ಮುಂದೆ ಬಂದು ಒಂದು ಕನ್ನಡಕ ಹಿಡಿದಳು.

"ಇದು ಇಲ್ಲಾಂದ್ರೆ ಹಚ್ಚಬೇಡ ಅಪ್ಪಾ."

ಅಪ್ಪ ಅವಳನ್ನು ನೋಡಿದರು, ಅವಳ ಬರಿಗೈಯನ್ನು ನೋಡಿದರು. ಕನ್ನಡಕ ಇಸಿದುಕೊಂಡು ವಿಭೂತಿಯ ಗೆರೆಗಳ ಕೆಳಗೆ ಏರಿಸಿದರು. ದಪ್ಪ ಪ್ಲಾಸ್ಟಿಕ್ಕಿನೊಳಗೆ ಕಣ್ಣುಗಳು ಕಪ್ಪೆಯ ಕಣ್ಣಿನ ಹಾಗೆ ದೊಡ್ಡವಾದವು. ರೇಷ್ಮೆ ಪಂಚೆ, ಹಣೆತುಂಬ ವಿಭೂತಿ, ಮೂಗಿನ ಮೇಲೆ ಲ್ಯಾಬು. ಆ ಮುಖ ಹೊತ್ತುಕೊಂಡು ಅಧ್ಯಕ್ಷರು ಗಂಭೀರವಾಗಿ ಆರತಿ ಎತ್ತಿದರು.

ನನ್ನಿಂದ ತಡೆಯಲಾಗಲಿಲ್ಲ.

"ನಗಬ್ಯಾಡಲೇ," ಅಂದರು ಅಪ್ಪ, ತಲೆ ತಿರುಗಿಸದೆ. "ನೀರು ತಾ. ನೀನೇ ಕುಡಿದು ನೋಡಿ ತಾ."